ಸೈಕಲ್ಲಿನಿಂದ ಬೀಳದ ಹುಡುಗಿ

ವೈದ್ಯಕೀಯ ಕಾಲೇಜಿನ ನೆಲಮಾಳಿಗೆಯಲ್ಲಿ, ಹೆಣದ ಕೋಣೆ ದಾಟಿದ ಮೇಲೆ ಸಿಗುವ ಕೊನೆಯ ಕೋಣೆ ಅವಳದು. ಬಿರುಕುಬಿಟ್ಟ ಮೂತ್ರಪಿಂಡ, ಬಣ್ಣ ಹೋದ ಹೃದಯ, ಕಿವಿ ಮುರಿದ ತಲೆ ಎಲ್ಲವೂ ಅವಳ ಮೇಜಿಗೆ ಬರುತ್ತಿದ್ದವು. ವಿದ್ಯಾರ್ಥಿಗಳು ನೋಡಿ ಕಲಿಯುವ ಪ್ಲಾಸ್ಟರ್ ಮಾದರಿಗಳನ್ನು ಮಾಡುವುದು, ಮುರಿದದ್ದನ್ನು ಸರಿಪಡಿಸಿ ಬಣ್ಣ ಬಳಿಯುವುದು ಅವಳ ಕೆಲಸ. ಕಾಲೇಜಿಗೆಲ್ಲ ಅವಳು ಗೊಂಬೆ ಅಕ್ಕ. ಕೈ ಚುರುಕು, ಬಾಯಿಗೆ ಬೀಗ. "ಅಕ್ಕನಿಗಿಂತ ಅಕ್ಕನ ಗೊಂಬೆಗಳೇ ವಾಸಿ, ಕರೆದ್ರೆ ಅವೇ ಮೊದಲು ಓಗೊಡ್ತವೆ" ಎಂದು ಹೆಣದ ಕೋಣೆಯ ಕಾವಲುಗಾರ ನಗುತ್ತಿದ್ದ.

ಬಾಯಿಗೆ ಬೀಗ ಬಿದ್ದದ್ದು ಇಪ್ಪತ್ತೊಂದನೇ ವಯಸ್ಸಿನಲ್ಲಿ. ಮದುವೆಯ ಮರುದಿನ ಬೆಳಿಗ್ಗೆ ಗಂಡನ ತಾಯಿ ಕೋಣೆಗೆ ಬಂದು, ಹಾಸಿಗೆಯ ಬಿಳಿ ಚಾದರವನ್ನು ಎಳೆದು, ಕಿಟಕಿಯ ಬೆಳಕಿಗೆ ಹಿಡಿದು ಆ ಬದಿ ಈ ಬದಿ ತಿರುಗಿಸಿದಳು. ಒಂದು ಹನಿ ರಕ್ತವೂ ಇರಲಿಲ್ಲ. ಗಂಡ ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದ. ನಾಲ್ಕನೇ ದಿನ ಅವಳನ್ನೂ ಅವಳ ಪೆಟ್ಟಿಗೆಯನ್ನೂ ತವರಿನ ಬಾಗಿಲಲ್ಲಿ ಇಳಿಸಿ, "ನಿಮ್ಮ ಮಾಲು ನೀವೇ ಇಟ್ಕೊಳ್ಳಿ" ಎಂದು ಹೊರಟುಹೋದರು.

ಅಪ್ಪ ಸಾಯುವವರೆಗೂ ಮಗಳ ಮುಖ ನೋಡಿ ಮಾತಾಡಲಿಲ್ಲ. ಅಮ್ಮ ಮಾತ್ರ ಸುಮ್ಮನೆ ಕೂರಲಿಲ್ಲ. ಬೀದಿಯ ಮನೆಮನೆಗೂ ಹೋಗಿ, "ಒಂಬತ್ತು ವರ್ಷದವಳಿದ್ದಾಗ ಸೈಕಲ್ಲಿನಿಂದ ಬಿದ್ದಿದ್ಲು. ಪಾಪ, ಆಗ್ಲೇ ಹರಿದುಹೋಗಿತ್ತು" ಎಂದು ಹೇಳಿ ಬಂದಳು. ಕೇಳಿ ಕೇಳಿ ಮಗಳಿಗೂ ಆ ಬಿದ್ದದ್ದು ಕಣ್ಣಿಗೆ ಕಟ್ಟಿತು: ಇಳಿಜಾರು, ಜಲ್ಲಿಕಲ್ಲು, ಕಬ್ಬಿಣದ ಪೆಟ್ಟು. ಆಮೇಲೆ ಅವಳು ಸೈಕಲ್ ಮುಟ್ಟಲಿಲ್ಲ. ಕಾಲೇಜಿನ ಕೆಲಸ ಸಿಕ್ಕಿದ ಮೇಲೂ ಐದು ಕಿಲೋಮೀಟರ್ ದಾರಿಯನ್ನು ನಡೆದೇ ಸವೆಸಿದಳು. ಎಲ್ಲಾ ಆ ದರಿದ್ರ ಸೈಕಲ್ಲಿನಿಂದ ಆದದ್ದು ಎಂದುಕೊಂಡರೆ ಯಾರನ್ನೂ ಬೈಯುವ ಪ್ರಮೇಯವೇ ಬರುತ್ತಿರಲಿಲ್ಲ.

ಅವಳಿಗೆ ನಲವತ್ತೇಳಾದಾಗ ಹೊಸದಾಗಿ ಬಂದ ಹೆರಿಗೆ ವಿಭಾಗದ ಡಾಕ್ಟರ್ ಮೇಡಂ ಒಂದು ಮಧ್ಯಾಹ್ನ ಮೆಟ್ಟಿಲಿಳಿದು ಬಂದು, ಮೇಜಿನ ಮೇಲೆ ಚಿತ್ರಗಳನ್ನು ಹರಡಿದರು.

"ಗೊಂಬೆ ಅಕ್ಕ, ಯೋನಿಯ ಬಾಯಿ ಹತ್ತಿರದ ಪೊರೆ ಇದು. ಕನ್ಯಾಪೊರೆ ಅಂತಾರಲ್ಲ, ಅದೇ. ಆರು ಮಾದರಿ ಬೇಕು."

"ಆರು ಯಾಕೆ ಮೇಡಂ? ಎಲ್ಲಾ ಒಂದೇ ಅಲ್ವಾ?"

"ಮೂಗು ಎಲ್ಲರಿಗೂ ಒಂದೇ ಥರ ಇರುತ್ತಾ? ನೋಡಿ, ಇದು ಉಂಗುರದ ಹಾಗಿದೆ. ಇದು ಅರ್ಧಚಂದ್ರ. ಇದರ ಅಂಚು ನೆರಿಗೆ ನೆರಿಗೆ. ಇದಕ್ಕೆ ನಡುವೆ ಒಂದು ಎಳೆ. ಇಲ್ಲಿ ಪೊರೆ ಇದೆಯೋ ಇಲ್ಲವೋ ಅನ್ನೋಷ್ಟು ಸಣ್ಣದು. ಈ ಕೊನೇದೊಂದೇ ಪೂರ್ತಿ ಮುಚ್ಚಿರೋದು. ಅದು ತೀರಾ ಅಪರೂಪ. ಮುಟ್ಟಿನ ರಕ್ತ ಹೊರಗೆ ಬರೋಕೆ ದಾರಿ ಇರಲ್ಲ, ಆಪರೇಷನ್ನೇ ಮಾಡಬೇಕು. ಜನ ಮಾತ್ರ ಎಲ್ಲಾ ಹೆಣ್ಣುಮಕ್ಕಳಿಗೂ ಹೀಗೊಂದು ಮುಚ್ಚಳ ಇರುತ್ತೆ ಅಂದ್ಕೊಂಡಿದ್ದಾರೆ."

ಗೊಂಬೆ ಅಕ್ಕನ ಕೈಯ ಕುಂಚ ನಿಂತಿತು. "ಹಾಗಾದ್ರೆ ಮದುವೆಯಾದ ಮೇಲೆ... ರಕ್ತ?"

"ಹಿಗ್ಗೋ ಚರ್ಮ ಅದು. ಎಷ್ಟೋ ಜನಕ್ಕೆ ಒಂದು ಹನಿಯೂ ಬರಲ್ಲ. ಬಂದ್ರೂ, ಅವಸರ ಮಾಡಿದ್ದಕ್ಕೆ ಆದ ಗಾಯ ಇರಬಹುದು. ಇವಳು ಗಂಡಸಿನ ಜೊತೆ ಇದ್ದವಳೋ ಅಲ್ಲವೋ ಅಂತ ನೋಡಿ ಹೇಳೋಕೆ ನನ್ನಿಂದಲೂ ಆಗಲ್ಲ, ಯಾವ ಡಾಕ್ಟರಿಂದಲೂ ಆಗಲ್ಲ."

"ಸೈಕಲ್ಲಿನಿಂದ ಬಿದ್ರೆ?"

"ಸೈಕಲ್ ಹೊಡೆದ್ರೆ ಹರಿಯುತ್ತೆ ಅನ್ನೋದು ಬಾಯಿಮಾತು. ಜೋರು ಪೆಟ್ಟು ಬಿದ್ರೆ ಗಾಯ ಆಗಬಹುದು. ಆದ್ರೆ ಅಂಥ ಗಾಯ ಆದವರು ಆಸ್ಪತ್ರೆಗೆ ಓಡಿ ಬರ್ತಾರೆ, ಮರೆಯಲ್ಲ."

ಅಂದು ಸಂಜೆ, ತಮ್ಮನ ಸಂಸಾರದ ಜೊತೆ ಅವಳಿದ್ದ ಮನೆಯ ಜಗಲಿಯಲ್ಲಿ ಅಮ್ಮ ಕೂತು ಮೊಮ್ಮಗಳ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಗೊಂಬೆ ಅಕ್ಕ ಚಪ್ಪಲಿಯನ್ನೂ ಬಿಡದೆ ಕೇಳಿದಳು: "ಅಮ್ಮಾ, ನಾನು ಸೈಕಲ್ಲಿನಿಂದ ಬಿದ್ದಾಗ ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ?"

ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು. "ನೀನೆಲ್ಲಿ ಬಿದ್ದೆ? ಗಂಡುಹುಡುಗರಿಗಿಂತ ಚೆನ್ನಾಗಿ ಹೊಡೀತಿದ್ದೆ ಕಣೇ. ಜನದ ಬಾಯಿ ಮುಚ್ಚಿಸೋಕೆ ಏನಾದ್ರೂ ಹೇಳಬೇಕಿತ್ತು, ಹೇಳಿದೆ."

ಅವಳಿಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಏನೋ ಆಗಿತ್ತು ಎಂಬ ನಂಬಿಕೆಯಾದರೂ ಇತ್ತು. ಈಗ ಅದೂ ಇಲ್ಲ. ಏನೂ ಆಗದೇ ಇದ್ದದ್ದಕ್ಕೆ ಒಂದು ಬಾಳು ಹೋಗಿತ್ತು. ಆ ರಾತ್ರಿ ತಟ್ಟೆಯ ಮುಂದೆ ಕೂತವಳು ಊಟ ಮಾಡದೆ ಎದ್ದಳು.

ಮರುವರ್ಷ ತಮ್ಮನ ಮಗಳಿಗೆ ಸಂಬಂಧ ಕೂಡಿಬಂತು. ಹುಡುಗನ ತಂದೆ ನಗುನಗುತ್ತಲೇ, "ಹುಡುಗಿಯ ಸೋದರತ್ತೆಯ ವಿಷಯ ಕೇಳಿದ್ದೀವಿ. ಹುಡುಗೀನ ಡಾಕ್ಟರಿಗೆ ತೋರಿಸಿ ಒಂದು ಚೀಟಿ ಬರೆಸಿಕೊಟ್ಟುಬಿಡಿ, ನಮಗೂ ಸಮಾಧಾನ" ಎಂದ. ತಮ್ಮ ತಲೆಯಾಡಿಸಿದ. ಬಾಗಿಲ ಹಿಂದಿದ್ದ ಗೊಂಬೆ ಅಕ್ಕ ನಡುಮನೆಗೆ ಬಂದು ನಿಂತಳು.

"ಅಂಥ ಚೀಟಿ ಬರೆಯೋಕೆ ಯಾರಿಂದಲೂ ಆಗಲ್ಲ. ಬರೆದುಕೊಟ್ರೆ ಅದು ಸುಳ್ಳು. ನಮ್ಮ ಹುಡುಗೀನ ಯಾರೂ ನೋಡೋದು ಬೇಡ."

ಡಾಕ್ಟರ್ ಮೇಡಂ ಹೇಳಿದ್ದನ್ನೆಲ್ಲ ಅವಳು ಪೂರ್ತಿ ಹೇಳಿದಳು. ಬಂದವರು ಒಬ್ಬೊಬ್ಬರಾಗಿ ಎದ್ದರು. ಹುಡುಗನೂ ಎದ್ದ. ಅವರ ಹಿಂದೆ ಬಾಗಿಲು ಹಾಕಿಕೊಂಡ ಮೇಲೆ ತಮ್ಮ, "ಅಕ್ಕಾ, ನಿನ್ನ ಬಾಳು ಹೋಯ್ತು ಸರಿ, ಇವಳ ಬಾಳಿಗೂ ಕಲ್ಲು ಹಾಕಿದೆಯಲ್ಲ" ಎಂದ. ವಾರ ಕಳೆಯುವುದರಲ್ಲಿ ಅವಳು ಕಾಲೇಜಿನ ಹಿಂಬದಿಯ ಗಲ್ಲಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಳು.

ತಿಂಗಳಾದ ಮೇಲೆ ತಮ್ಮನ ಮಗಳು ಅವಳ ಬಟ್ಟೆಯ ಗಂಟನ್ನು ತಂದುಕೊಟ್ಟಳು. ನೀರು ಕುಡಿದಳು.

"ನೀವು ಹೇಳಿದ್ದು ಸರೀನೇ ಅತ್ತೆ. ನಂಗೂ ಗೊತ್ತು. ಆದ್ರೂ ನಾನು ಹೋಗಿ ತೋರಿಸಿಬಿಡ್ತಿದ್ದೆ. ಆ ಹುಡುಗ ಅಂದ್ರೆ ನಂಗೆ ಇಷ್ಟ ಇತ್ತು."

ಗೊಂಬೆ ಅಕ್ಕ ಎದ್ದಳು. ಹುಡುಗಿಯ ಪಕ್ಕದಲ್ಲಿ ಹೋಗಿ ಕೂತಳು. ಅವಳು ಸರಿದು ಜಾಗ ಕೊಟ್ಟಳು, ಆದರೆ ಇವಳ ಕಡೆ ತಿರುಗಲಿಲ್ಲ.