ರಜಿಯಾಳ ಕಾಗದ, ನನ್ನ ಓದು

ನಾನಾಡಿದ ಒಂದು ಮಾತಿಗೆ ಬಿದ್ದ ಬೆಲೆ – ಹದಿನಾಲ್ಕು ವರ್ಷದ ಗೆಳತಿ. ಆ ಮಾತು ಸುಳ್ಳಾಗಿದ್ದರೆ ಎಂದೋ ಒಪ್ಪಿಕೊಂಡು ಹಗುರಾಗುತ್ತಿದ್ದೆ. ಸುಳ್ಳಲ್ಲ. "ಹಂಗಂತ ಇದ್ರಾಗ ಬರೆದಿಲ್ಲ" ಎಂದೆ, ನಿಜಕ್ಕೂ ಬರೆದಿರಲಿಲ್ಲ. ಆದರೆ ಬರೆಯದೆ ಬಿಟ್ಟದ್ದು ನನಗೆ ಕಂಡಿತ್ತು – ಕಂಡೂ ಬಚ್ಚಿಟ್ಟೆ. ಯಾಕೆಂದರೆ ರಜಿಯಾಳ ಕೈಯಿಲ್ಲದೆ ನನ್ನ ಅಂಗಡಿ ನಡೆಯುತ್ತಿರಲಿಲ್ಲ.

ನಾನು ಕಸ್ತೂರಬಾಯಿ, ಔರಾದ ತಾಲೂಕಿನ ಎಕಂಬಾದವಳು. ತಲೆಯ ಮೇಲೆ ಗಂಟು ಹೊತ್ತು ಊರೂರು ತಿರುಗಿ ಕುಪ್ಪಸದ ಬಟ್ಟೆ ಮಾರಿ, ಕಡೆಗೆ ಬೀದರಿನಲ್ಲಿ ಅಂಗಡಿ ಹಾಕಿದೆ. ಸಾಲಿಯ ಕಟ್ಟೆ ಹತ್ತಿದವಳಲ್ಲ. ಆದರೆ ಗಿರಾಕಿಯ ಮುಖ ಓದಲು ಬರುತ್ತಿತ್ತು. "ಭಾಳ ತುಟ್ಟಿ ಆತ್ರಿ" ಎನ್ನುತ್ತಲೇ ಅಂಚನ್ನು ಎರಡನೇ ಸಲ ಮುಟ್ಟಿ ನೋಡಿದವಳು ಕೊಂಡೇ ಹೋಗುತ್ತಾಳೆ. "ಛಂದ ಅದ, ಛಂದ ಅದ" ಎಂದು ಹೊಗಳುವವಳು ಆಗಲೇ ಚಪ್ಪಲಿ ಹುಡುಕುತ್ತಿರುತ್ತಾಳೆ.

ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ, ಚರ್ಚಿನ ಹಿಂದಿನ ಓಣಿಯಲ್ಲಿದ್ದ ಎಸ್ತೇರ್ ಟೀಚರ ಮನೆಯಲ್ಲಿ. ಒಂದು ದಿನ ಅವರು ಎರಡೇ ಸಾಲು ಓದಿಸಿದರು: ಗಂಗವ್ವ ಒಲೆ ಆರಿಸಿದಳು. ಕದಕ್ಕೆ ಕೀಲಿ ಹಾಕಿ ಕೀಲಿಕೈ ನೆರೆಮನೆಯಲ್ಲಿ ಕೊಟ್ಟಳು.

"ಗಂಗವ್ವ ಎಲ್ಲಿಗಿ ಹೊಂಟಾಳ, ಕಸ್ತೂರಬಾಯಿ?"

"ಅದು ಬರೆದಿಲ್ಲಲ್ರಿ ಟೀಚರ್."

"ಗಿರಾಕಿ ಹಣಿ ಮ್ಯಾಲ ಏನರ ಬರೆದಿರ್ತದೇನು? ಅಲ್ಲಿ ಹ್ಯಾಂಗ ಓದ್ತೀರಿ?"

ಮತ್ತೊಮ್ಮೆ ಸಾಲಿನ ಮೇಲೆ ಬೆರಳಿಟ್ಟೆ. ಸಂತೆಗೆ ಹೋಗುವವಳು ಕೀಲಿಕೈ ಸೊಂಟಕ್ಕೆ ಸಿಗಿಸಿಕೊಳ್ಳುತ್ತಾಳೆ. ನೆರೆಯವರಿಗೆ ಕೊಟ್ಟಳೆಂದರೆ – "ದೂರ ಹೊಂಟಾಳ್ರಿ! ಇಲ್ಲಾ, ಹಿಂದಿಂದ ಮನಿಗಿ ಮತ್ತ್ಯಾರೋ ಬರೋರಿದ್ದಾರ."

ಟೀಚರ್ ನನ್ನ ಬೆನ್ನಿಗೊಂದು ಗುದ್ದಿದರು. "ಇದೇ ಓದು. ಬರೆದದ್ದು ಹಿಡಕೋಬೇಕು, ನಮಗ ಗೊತ್ತಿದ್ದದ್ದು ಅದಕ್ಕ ಕೂಡಿಸಬೇಕು, ಆಗ ಬರೆಯಲಾರದ್ದು ತಾನೇ ಸಿಗ್ತದ."

ಅಂಗಡಿಗೆ ಬಂದು ಗಂಗವ್ವನ ಕತೆ ರಜಿಯಾಳಿಗೆ ಹೇಳಿ ಮೀಸೆ ತಿರುವಿದೆ – ಮೀಸೆಯೊಂದೇ ಕಡಿಮೆ. ರಜಿಯಾ ನನ್ನಲ್ಲಿ ಕುಪ್ಪಸ ಹೊಲಿಯುತ್ತಿದ್ದಳು. ಅವಳು ಕತ್ತರಿಸುವ ಕುಪ್ಪಸದ ಕೊರಳಿಗಾಗಿಯೇ ಭಾಲ್ಕಿಯಿಂದ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ಉರ್ದು ಓದುವವಳು, ಕನ್ನಡದ ಅಕ್ಷರ ಬಾರದು. ಮನೆಯಲ್ಲೂ ಯಾರಿಗೂ ಬಾರದು. "ಬರೆದದ್ದು ಓದೋ ಮಂದಿ ಊರ ತುಂಬ ಇದ್ದಾರ ಅಕ್ಕಾ, ನೀವು ಬರೆಯಲಾರದ್ದೂ ಓದ್ತೀರಿ. ನನಗಿನ್ಯಾತರ ಫಿಕರ್?" ಎಂದು ನಕ್ಕಳು. ಕರೆಂಟ್ ಬಿಲ್ಲು, ರೇಷನ್ನಿನ ಚೀಟಿ – ಅವಳ ಮನೆಯ ಕನ್ನಡವೆಲ್ಲ ನನ್ನ ಬಾಯಿಂದಲೇ ಅವಳಿಗೆ ಮುಟ್ಟುತ್ತಿತ್ತು.

ಮರುವರ್ಷ ಒಂದು ಮಧ್ಯಾಹ್ನ ಅವಳು ಇನ್ನೊಂದು ಕಾಗದ ತಂದಳು. ಭಾಲ್ಕಿಯ ಒಂದು ಹುಡುಗಿಯರ ವಸತಿನಿಲಯದಿಂದ ಬಂದದ್ದು. ಅಡುಗೆ ಕೆಲಸಕ್ಕೆ ಅರ್ಜಿ ಹಾಕಿದ್ದಳಂತೆ – ನನಗೆ ಹೇಳದೆ!

"ಕಣ್ಣು ಮಂಜಾಗ್ಯಾವ ಅಕ್ಕಾ, ಸೂಜ್ಯಾಗ ದಾರ ಹೋಗವಲ್ದು. ನಿಮಗ ಹೇಳಬೇಕಂತಲೇ ಇದ್ದೆ, ಆದ್ರ..."

ಆ 'ಆದ್ರ' ನನಗೆ ಚುಚ್ಚಿತು. ಹದಿನಾಲ್ಕು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು, ಬೆನ್ನ ಹಿಂದೆ ಅರ್ಜಿ – ದಗಾ ಎಂದರೆ ಇದೇ ಅಂದುಕೊಂಡೆ. ಆ ಸಿಟ್ಟಿನಲ್ಲೇ ಕಾಗದ ಬಿಚ್ಚಿದೆ.

"ಸೋಮವಾರ ಮೂಲ ದಾಖಲೆಗಳು ಹಾಗೂ ಎರಡು ಭಾವಚಿತ್ರಗಳೊಂದಿಗೆ ತಪ್ಪದೆ ಹಾಜರಾಗತಕ್ಕದ್ದು. ಗೈರುಹಾಜರಾದಲ್ಲಿ ಪಟ್ಟಿಯಲ್ಲಿರುವ ಮುಂದಿನವರನ್ನು ಕರೆಯಲಾಗುವುದು."

ಒಂದೇ ಉಸಿರಿಗೆ ನನಗೆ ತಿಳಿಯಿತು. ಕೆಲಸಕ್ಕೆ ಬೇಡವಾದವರ ಫೋಟೋ ಯಾರು ಕೇಳುತ್ತಾರೆ? ಅವಳು ಬಾರದಿದ್ದರೆ ಮಾತ್ರ ಮುಂದಿನವರು – ಅಂದರೆ ಪಟ್ಟಿಯ ಮೊದಲ ಹೆಸರು ರಜಿಯಾಳದೇ. ಕೆಲಸ ಸಿಕ್ಕಿತ್ತು.

ನಾನು ಮುಖದ ಮೇಲೆ ಏನೂ ತೋರದೆ, ಅಕ್ಷರ ಅಕ್ಷರ ಓದಿ ಹೇಳಿದೆ. ಒಂದನ್ನೂ ಬಿಡಲಿಲ್ಲ.

"ಹಾಜರ್?" ಅವಳ ಮುಖ ಬಿಳಿಚಿತು. "ಅದು ಠಾಣೆ-ಕೋರ್ಟಿನ ಮಾತಲ್ಲೇನ್ರಿ ಅಕ್ಕಾ? ಅಸಲ್ ಕಾಗದ ಯಾಕ ಬೇಡ್ತಾರ? ಅರ್ಜಿ ಬರೆದಾವ ನನ್ನ ವಯಸ್ಸು ಅಂದಾಜಿಲೆ ಹಾಕ್ಯಾನ, ಅದನ್ನೇ ಹಿಡಿದಾರ. ನಾ ಹೋಗಲಿಲ್ಲಂದ್ರ ಮುಂದಿನವರನ್ನ ಕರೀತಾರಂತ – ಮುಂದಿನವರಂದ್ರ ನಮ್ಮ ಮನಿಯವರನ್ನೇನು?"

ನೋಡಿ, ಅವಳೂ ಓದುತ್ತಿದ್ದಳು. ಕೇಳಿದ ಶಬ್ದಕ್ಕೆ ತನ್ನ ಅಂಜಿಕೆ ಕೂಡಿಸಿ ಅರ್ಥ ಕಟ್ಟುತ್ತಿದ್ದಳು – ತಪ್ಪು ಅರ್ಥ. ತಿದ್ದಲು ನನಗೆ ಒಂದು ಮಾತು ಸಾಕಿತ್ತು. ಅವಳೇ ದಾರಿಯನ್ನೂ ತೆರೆದಳು: "ಇಲ್ಲಾ... ಕೆಲಸ ಸಿಕ್ಕದ ಅಂತ ಕರೆದಾರೇನ್ರಿ?"

"ಹಂಗಂತ ಇದ್ರಾಗ ಬರೆದಿಲ್ಲ."

ಸೋಮವಾರ ಅವಳು ಭಾಲ್ಕಿಗೆ ಹೋಗಲಿಲ್ಲ. ನನ್ನ ಅಂಗಡಿಯಲ್ಲಿ, ಬೆಳಕಿಗೆ ಬಟ್ಟೆ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ಹೊಲಿಗೆ ಹಾಕುತ್ತಿದ್ದಳು. ಅವತ್ತು ನಾನೇ ಸೂಜಿಗೆ ದಾರ ಪೋಣಿಸಿಕೊಟ್ಟೆ. "ಖುದಾ ನಿಮ್ಮನ್ನ ಛಲೋ ಇಡ್ಲಿ" ಎಂದಳು – ಆ ಹಾರೈಕೆ ಇವತ್ತಿಗೂ...

ನಾಲ್ಕು ತಿಂಗಳ ಮೇಲೆ ಭಾತಂಬ್ರಾದ ಒಂದು ಮದುವೆಯಲ್ಲಿ ಅವಳಿಗೆ ಆ ವಸತಿನಿಲಯದ ಅಡುಗೆಯವಳೇ ಸಿಕ್ಕಳು. ಮಾತಿಗೆ ಮಾತು ಬಂದು, ತನಗೂ ಅದೇ ಕಾಗದ, ಅದೇ 'ಹಾಜರಾಗತಕ್ಕದ್ದು' ಬಂದಿತ್ತೆಂದು ಹೇಳಿದಳಂತೆ. ಮೊದಲಿನವಳು ಯಾರೋ ಬರಲೇ ಇಲ್ಲವೆಂದು ನಕ್ಕಳಂತೆ.

ರಜಿಯಾ ಅಲ್ಲಿಂದ ನೆಟ್ಟಗೆ ಅಂಗಡಿಗೆ ಬಂದಳು. ಕೂಡಲಿಲ್ಲ.

"ಗಂಗವ್ವನ ಕೀಲಿಕೈ ಓದಿದೋರಿಗೆ ನನ್ನ ಕಾಗದ ಓದ್ಲಿಕ್ಕಿ ಬರಲಿಲ್ಲೇನು ಅಕ್ಕಾ?"

"ಬರೆದಿರಲಿಲ್ಲ, ರಜಿಯಾ..."

"ಅದು ಗೈರ್ ಮಂದಿ ಆಡೋ ಮಾತು, ನಮ್ಮೋರು ಆಡೋದಲ್ಲ."

ಅವಳು ನನಗೆ ಬೈದದ್ದು ಇಷ್ಟೇ. ಹೊರಟಳು. ನಾನು ಅವಳ ಮನೆಗೆ ಎರಡು ಸಲ ಹೋದೆ. ಮೊದಲ ಸಲ, ನನ್ನ ಹಾಳು ಚಾಳಿ, ಬಾಗಿಲಲ್ಲೇ ವ್ಯಾಪಾರಕ್ಕಿಳಿದೆ: ಹೊಲಿಯಬೇಡ, ಸುಮ್ಮನೆ ಕೂತು ಬೇರೆ ಹುಡುಗಿಯರಿಗೆ ಹೊಲಿಗೆ ಕಲಿಸು, ಪಗಾರ ಅಷ್ಟೇ ಕೊಡುತ್ತೇನೆ ಎಂದೆ. "ಇದಕ್ಕೂ ಚೌಕಾಶಿ ಮಾಡ್ತೀರಾ?" ಎಂದಳು. ಎರಡನೇ ಸಲ ನಿಜ ಹೇಳಿದೆ – ಗೊತ್ತಿತ್ತು, ಬೇಕಂತಲೇ ಹೇಳಲಿಲ್ಲ ಎಂದೆ. ಕೇಳಿಸಿಕೊಂಡಳು. ಕದ ಹಾಕಿಕೊಂಡಳು. ಈಗ ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆಂದು ಕೇಳಿದ್ದೇನೆ.

ನನಗೆ ಹೇಳದೆ ಅರ್ಜಿ ಹಾಕಿದ್ದೇ ದಗಾ ಎಂದುಕೊಂಡಿದ್ದೆನಲ್ಲ – ಆ 'ಆದ್ರ' ಆದ ಮೇಲೆ ಅವಳು ನುಂಗಿದ ಮಾತನ್ನು ನಾನು ಓದಬೇಕಿತ್ತು. ನಾನು ಹೋಗಗೊಡುವುದಿಲ್ಲ ಎಂಬ ಅಂಜಿಕೆ ಅದು. ಅವಳು ನನ್ನನ್ನು ಸರಿಯಾಗಿಯೇ ಓದಿದ್ದಳು.

ವ್ಯಾಪಾರದವಳು ನಾನು, ಪುಕ್ಕಟೆ ಹೇಳುತ್ತೇನೆ, ಕೇಳಿ. ಕಾಗದ ಬಂದರೆ "ಏನು ಬರೆದಾರ?" ಎಂದಷ್ಟೇ ಕೇಳಿ ಬಿಡಬೇಡಿ. "ಯಾಕ ಬರೆದಾರ? ನಾ ಹೋಗದಿದ್ರ ಯಾರಿಗಿ ನುಕ್ಸಾನ?" ಎಂದು ಕೇಳಿ. ಒಂದು ಶಬ್ದಕ್ಕೆ ಎದೆ ಝಲ್ಲೆಂದರೆ ಆ ಶಬ್ದದ ಮೇಲೆ ಬೆರಳಿಟ್ಟು ಹಿಂದಿನ ಸಾಲು, ಮುಂದಿನ ಸಾಲು ಮತ್ತೆ ಓದಿಸಿ. ಶಬ್ದ ಒಂಟಿಯಾಗಿ ನಿಂತಾಗಲೇ ಹೆದರಿಸುತ್ತದೆ. ಇನ್ನೊಬ್ಬರಿಗೆ ಓದಿ ಹೇಳುವವರಾದರೆ ತಿಳಿದದ್ದಷ್ಟನ್ನೂ ಹೇಳಿ, "ಇದು ಬರೆದದ್ದು, ಇದು ನನ್ನ ಅಂದಾಜು" ಎಂದು ಬೇರೆ ಮಾಡಿ ಹೇಳಿ. ಮತ್ತೆ, ಓದಿ ಹೇಳುವವರಿಗೆ ನಿಮ್ಮಿಂದ ಏನಾದರೂ ಆಗಬೇಕಿದೆಯೇ, ಮೊದಲು ಅದನ್ನು ನೋಡಿಕೊಳ್ಳಿ. ಆಗಬೇಕಿದ್ದರೆ ಎಷ್ಟೇ ಬೇಕಾದವರಿರಲಿ, ಕಾಗದ ಮಡಚಿಕೊಂಡು ಇನ್ನೊಂದು ಬಾಗಿಲಿಗೆ ಹೋಗಿ. ನನ್ನ ಬಾಗಿಲಿಗೆ ಬಂದಿದ್ದರೂ ಅಷ್ಟೇ.