ನಂದಿಬಟ್ಟಲು ಗಿಡದ ಹುಳ

ಮದುವೆಯಾಗಿ ಸೇಡಮ್ಮಿಗೆ ಬಂದು ವರ್ಷ ಕಳೆದಿದ್ದರೂ ಅತ್ತೆ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿರಲಿಲ್ಲ. ಸಿಟ್ಟಿನವರೇನಲ್ಲ, ಸೊಸೆಯೊಡನೆ ಏನು ಮಾತಾಡಬೇಕೆಂದು ಅವರಿಗೆ ತಿಳಿದಿರಲಿಲ್ಲವೇನೋ. ನನಗೂ ತಿಳಿದಿರಲಿಲ್ಲ.

ಶ್ರಾವಣದ ಒಂದು ಬೆಳಗ್ಗೆ ಲಿಂಗಪೂಜೆಗೆ ಹೂ ಕೀಳಲು ಹಿತ್ತಲಿಗೆ ಹೋದ ಅತ್ತೆ ಬುಟ್ಟಿ ಚೆಲ್ಲಿ ಕೂಗಿದರು.

"ಗಿಡದಾಗ ಹಾವಿನ ಮರಿ ಅದ, ಬರ್ರಿ!"

ನಿಜಾಮರ ತಹಸೀಲ ಕಚೇರಿಗೆ ಹೊರಟು ಶೇರವಾನಿಯ ಗುಂಡಿ ಹಾಕುತ್ತಿದ್ದ ಮಾವ ಬಡಿಗೆ ಹಿಡಿದು ಓಡಿದರು. ಹಿಂದೆ ನಾನು. ನಂದಿಬಟ್ಟಲು ಗಿಡದ ಟೊಂಗೆಯ ಮೇಲೆ ಹೆಬ್ಬೆರಳಷ್ಟು ದಪ್ಪನೆಯ ಹಸಿರು ಜೀವವೊಂದು ತಲೆ ಬಗ್ಗಿಸಿ ಕೂತಿತ್ತು. ಕತ್ತಿನ ಮೇಲೆ ಕಣ್ಣಿನಂಥ ಎರಡು ನೀಲಿ ಬೊಟ್ಟು, ಬಾಲದಲ್ಲೊಂದು ಪುಟ್ಟ ಕೋಡು.

"ಹಸಿರು ಹಾವೇ. ಸರೀರಿ, ಬಡೀತೀನಿ," ಎಂದರು ಮಾವ.

"ತಡೀರಿ ಮಾವ! ಇದಕ್ಕ ಕಾಲು ಅವ. ಎಲಿ ತಿನ್ನಲಿಕತ್ತದ ನೋಡ್ರಿ."

ಮಾವನೆದುರು ಅಷ್ಟು ಗಟ್ಟಿಯಾಗಿ ನಾನು ಬಾಯಿಬಿಟ್ಟಿದ್ದು ಅದೇ ಮೊದಲು. ಅಷ್ಟರಲ್ಲಿ ಅತ್ತೆ ಪಕ್ಕಕ್ಕೆ ಬಂದು ಬಗ್ಗಿ, ಬೆರಳು ಮಡಿಚುತ್ತ ಕಾಲು ಎಣಿಸಿದರು.

"ಖರೇನೇ. ಹಾವಿಗಿ ಕಾಲೆಲ್ಲಿರ್ತಾವ್ರಿ? ನೀವು ಕಚೇರಿಗಿ ನಡೀರಿ." ಮಾವ ಹೋದ ಮೇಲೆ ನನ್ನ ಕಡೆ ತಿರುಗಿದರು. "ಹಾಂಗಾದ್ರ ಇದು ಏನಿದ್ದೀತು?"

ನನ್ನನ್ನು ಕೇಳಿದರು! "ಹುಳ ಇರಬೇಕ್ರಿ ಅತ್ತಿ. ಸಾಕಿ ನೋಡಿದ್ರ ತಿಳೀತದ."

ಬುಟ್ಟಿಯೊಂದಕ್ಕೆ ಎಲೆ ಹಾಸಿ, ಹಳೆಯ ಧೋತರದ ತುಂಡು ಮುಚ್ಚಿ ಕಟ್ಟಿದೆವು. ಕರಿಬೇವು ಹಾಕಿದರೆ ಮೂಸಲಿಲ್ಲ, ಬದನೆ ಎಲೆ ಮುಟ್ಟಲಿಲ್ಲ, ನಂದಿಬಟ್ಟಲೇ ಆಗಬೇಕು. ದಿನಾ ಬೆಳಗ್ಗೆ ಅತ್ತೆ ದೇವರಿಗೆ ಹೂ ಕಿತ್ತರೆ ನಾನು ಹುಳಕ್ಕೆ ಎಲೆ ಕೀಳುತ್ತಿದ್ದೆ. ಒಂದು ದಿನ ಅದು ಕಂದುಬಣ್ಣಕ್ಕೆ ತಿರುಗಿ, ಒಣ ಎಲೆಯೊಳಗೆ ಹೊಕ್ಕು, ಖರ್ಜೂರದಂತೆ ಮುದುಡಿಬಿಟ್ಟಿತು.

"ಸತ್ತಿತೇನ?" ಅತ್ತೆಯ ಮುಖ ಸಣ್ಣದಾಯಿತು. ಕಡ್ಡಿಯಿಂದ ಮೆಲ್ಲಗೆ ತಟ್ಟಿದರು. ಅದು ಮಿಸುಕಿತು. "ಜೀವ ಅದ!" ಎಂದು ನನ್ನ ಕೈ ಹಿಡಿದರು.

ಎರಡು ವಾರದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಬುಟ್ಟಿಯಲ್ಲಿ ಪಟಪಟ ಸದ್ದು. ಬಟ್ಟೆ ಸರಿಸಿದರೆ ಅಂಗೈಯಗಲದ ಪತಂಗ! ಹಸಿರು ರೆಕ್ಕೆ, ಅದರ ಮೇಲೆ ಗುಲಾಬಿ ಪಟ್ಟಿ.

"ಇಂಥಾ ಬಣ್ಣದ ಸೀರಿ ಹೈದರಾಬಾದಿನಾಗೂ ಸಿಗಂಗಿಲ್ಲ ಬಿಡು," ಎಂದರು ಅತ್ತೆ.

ಮಾವ ಇಣುಕಿ ನೋಡಿ, ಮುಖ ಗಂಟಿಕ್ಕಿಕೊಂಡೇ ಕೇಳಿದರು: "ಹಾವಿಗಿ ರೆಕ್ಕಿ ಬಂದಾವೇನು?" ಅತ್ತೆ ನಕ್ಕು ನಕ್ಕು ಫರಸಿಕಲ್ಲಿನ ನೆಲದ ಮೇಲೆ ಕೂತುಬಿಟ್ಟರು.

ಪತಂಗ ಹಿತ್ತಲ ಗೋಡೆ ದಾಟಿ ಹಾರಿಹೋಯಿತು. ಅತ್ತೆ ಎದ್ದೇಳಲಿಲ್ಲ. "ನಿಮ್ಮ ಚಿಂಚೋಳಿ ಅಡವ್ಯಾಗ ಇಂಥವು ಭಾಳ ಇರ್ತಾವೇನು? ಕುಂದ್ರು, ಹೇಳು," ಎಂದರು. ನಾನು ತವರಿನ ಗುಡ್ಡ, ಅಲ್ಲಿನ ಜೇನು, ಜೀರುಂಡೆ ಎಲ್ಲ ಹೇಳುತ್ತ ಕೂತೆ. ಆ ಸಂಜೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ತಡವಾಯಿತು.