ಗದ್ವಾಲದ ಮಗ್ಗದ ಮನೆಯಲ್ಲಿ ಕೇಳಿದ ಕರೆ

ಯಾರಾದರೂ ಇಂಥ ಸಂಗತಿ ಹೇಳಲು ಶುರು ಮಾಡಿದರೆ ನಾನು ಮುಖ ತಿರುಗಿಸಿಕೊಂಡು ನಗುತ್ತಿದ್ದೆ. ತೆಲಂಗಾಣದ ಗಡಿಯ ಮಕ್ತಲದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ನಂಬದಿರುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಮೈಸೂರಿನಿಂದ ಗೆಳತಿ ವಿಮಲಾ ತನ್ನ ಕಾರಿನಲ್ಲಿ ರಜೆಗೆಂದು ನಮ್ಮಲ್ಲಿಗೆ ಬಂದಿದ್ದಳು. ನಾರಾಯಣಪೇಟೆ, ಜೂರಾಲದ ಡ್ಯಾಮು, ಗದ್ವಾಲದ ಕೋಟೆ ಎಲ್ಲ ನೋಡಿದ್ದಾಯಿತು. ಆಫೀಸಿನ ಗೆಳತಿಯರಿಗೆ ಈ ಕಡೆಯ ನೆನಪಿಗೆ ಏನಾದರೂ ಒಯ್ಯಬೇಕೆಂದಳು.

“ಎಲ್ರಿಗೂ ಸೀರೆ ಕೊಡೋಕಾಗುತ್ತೇನೇ? ಚಿಕ್ಕದೇನಾದ್ರೂ ತೋರ್ಸು.”

ಗದ್ವಾಲದ ದೊಡ್ಡ ಅಂಗಡಿಗಳಲ್ಲಿ ಅವಳಿಗೆ ಏನೂ ಹಿಡಿಸಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಹೇಳಿದರೆಂದು ಅಂಜಯ್ಯ ಎಂಬ ನೇಕಾರರ ಮನೆಗೆ ಹೋದೆವು. ಅರವತ್ತು ದಾಟಿದವರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಊಟದ ಹೊತ್ತು ಮುಗಿದಿತ್ತು, ಮಗ್ಗ ನಿಂತಿತ್ತು. ಚಾಪೆ ಹಾಸಿ ಬ್ಲೌಸ್ ಪೀಸುಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದರು. ವಿಮಲಾ ನಮ್ಮಿಬ್ಬರ ನಡುವೆ ಕೂತು ಬಣ್ಣ ಆರಿಸುತ್ತಿದ್ದಳು. ತನಗೆಂದು ಒಂದು ಸೀರೆಯನ್ನೂ ತೆಗೆದಿಟ್ಟಿದ್ದಳು. ಮೈಯೆಲ್ಲ ಹತ್ತಿ, ಅಂಚು ಸೆರಗು ರೇಷ್ಮೆ.

ಆಗ ನನ್ನ ಬೆನ್ನ ಹಿಂದೆ, ಹೊಸ್ತಿಲ ಹತ್ತಿರ, ನನ್ನ ತಂಗಿ ಶರಣಮ್ಮನ ದನಿ ಕೇಳಿತು. “ಅಕ್ಕಾ, ಲಗೂ ಬಾ.”

ತಿರುಗಿ ನೋಡಿದೆ. ಬಾಗಿಲಲ್ಲಿ ಬಿಸಿಲು ಬಿಟ್ಟು ಏನೂ ಇರಲಿಲ್ಲ. ಎಂಟು ತಿಂಗಳ ಬಸುರಿ ಶರಣಮ್ಮ ರಾಯಚೂರಿನ ತನ್ನ ಮನೆಯಲ್ಲಿದ್ದಳು. ನನಗೆ ಬಿಸಿಲು ತಲೆಗೇರಿರಬೇಕು ಎಂದುಕೊಳ್ಳುವಷ್ಟರಲ್ಲಿ ಅಂಜಯ್ಯನವರ ಕೈ ಬಟ್ಟೆಯ ಮಡಿಕೆಯ ಮೇಲೇ ನಿಂತಿದ್ದು ಕಂಡಿತು. ಅವರೂ ಬಾಗಿಲ ಕಡೆ ನೋಡುತ್ತಿದ್ದರು.

“ಎವರೋ ಪಿಲುಸ್ತುನ್ನಾರಮ್ಮಾ ಮಿಮ್ಮಲ್ನಿ” ಅಂದರು. ಯಾರೋ ನಿಮ್ಮನ್ನು ಕರೆಯುತ್ತಿದ್ದಾರೆ ಎಂದು. ತಾವೇ ಎದ್ದು ಓಣಿಯ ಆ ತುದಿ ಈ ತುದಿ ನೋಡಿ ಬಂದರು. ಯಾರೂ ಇರಲಿಲ್ಲ.

“ಯಾರು ಕರೆದ್ರು? ನಂಗೇನೂ ಕೇಳಿಸ್ಲಿಲ್ವಲ್ಲ” ಅಂದಳು ವಿಮಲಾ.

ತಂಗಿಗೆ ಫೋನ್ ಹಚ್ಚಿದೆ. ಎರಡು ಸಲವೂ ಎತ್ತಲಿಲ್ಲ. ಅವಳ ಗಂಡ ಬಸವರಾಜ ಕೆಲಸದ ಮೇಲೆ ಲಿಂಗಸುಗೂರಿನಲ್ಲಿದ್ದ. “ಮಕ್ಕೊಂಡಿರಬೇಕ್ರೀ ಅಕ್ಕಾರ, ಮಧ್ಯಾಹ್ನ ಫೋನ್ ದೂರ ಇಡ್ತಾಳ” ಅಂದ.

“ಬಾಜು ಮನಿಯವ್ರಿಗೆ ಹೇಳಿ ಬಾಗಿಲಾ ಬಡಿಸು. ತೆಗೀಲಿಲ್ಲಂದ್ರ ಮುರಿಸು. ಯಾಕಂತ ಕೇಳಬ್ಯಾಡ.”

ಹಾಗೆ ಹೇಳಿದವಳು ನಾನೇನಾ ಎಂದು ಇವತ್ತಿಗೂ ಅನಿಸುತ್ತದೆ. ವಿಮಲಾ ಆರಿಸಿದ್ದನ್ನೆಲ್ಲ ಚಾಪೆಯ ಮೇಲೇ ಬಿಟ್ಟು ಕಾರಿನ ಕೀಲಿ ತೆಗೆದುಕೊಂಡು “ನಡಿ” ಅಂದಳು. ಕೊಳ್ಳದೆ ಎದ್ದು ಹೊರಟೆವೆಂದು ಅಂಜಯ್ಯ ಮುಖ ಸಣ್ಣ ಮಾಡಲಿಲ್ಲ. ಕಾರಿನವರೆಗೂ ಬಂದರು.

ರಾಯಚೂರಿನ ಅರ್ಧ ದಾರಿಯಲ್ಲಿ ಬಸವರಾಜನ ಫೋನ್ ಬಂತು. ಬಾಗಿಲು ಒಡೆದು ನೋಡಿದರೆ ಶರಣಮ್ಮ ಅಡುಗೆಮನೆಯಲ್ಲಿ ಬಿದ್ದಿದ್ದಳಂತೆ, ಎಚ್ಚರ ತಪ್ಪಿ, ರಕ್ತ ಹರಿದು. ಬಾಜು ಮನೆಯವರು ಆಗಲೇ ಆಸ್ಪತ್ರೆಗೆ ಸೇರಿಸಿದ್ದರು. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಹೆಣ್ಣು ಕೂಸು. ಇನ್ನಷ್ಟು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ನಾಲ್ಕು ದಿನದ ಮೇಲೆ ಶರಣಮ್ಮನನ್ನು ಕೇಳಿದೆ. “ನಾ ಯಾರನ್ನೂ ಕರೀಲಿಲ್ಲಕ್ಕ. ಕಾಲು ಜಾರಿದ್ದಷ್ಟ ನೆಪ್ಪೈತಿ” ಅಂದಳು.

ಕೂಸಿಗೆ ಆರು ತಿಂಗಳಾದ ಮೇಲೆ ಅಂಜಯ್ಯನವರಿಗೆ ತೋರಿಸಲು ಒಯ್ದೆವು. ಅವರು ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡರು. ಅವತ್ತು ನಿಮಗೆ ಕೇಳಿದ್ದು ಏನು, ಇದ್ದದ್ದು ಇದ್ದ ಹಾಗೆ ಹೇಳಿ ಅಂದೆ.

“ಅಕ್ಕಾ, ತೊಂದರಗಾ ರಾ” ಅಂದರು, ತಡವರಿಸದೆ.

ಅರ್ಥ ಒಂದೇ, ಬೇಗ ಬಾ ಎಂದು. ಆದರೆ ಅದು ತೆಲುಗು. ಅಂಜಯ್ಯನವರಿಗೆ ಕನ್ನಡ ಬಾರದು. ನಾನೂ ಶರಣಮ್ಮನೂ ಒಬ್ಬರಿಗೊಬ್ಬರು ಎಂದೂ ತೆಲುಗಿನಲ್ಲಿ ಮಾತಾಡಿದವರಲ್ಲ. ತಂಗಿಯ ಸುದ್ದಿಯನ್ನು ಅವತ್ತು ಆ ಕರೆಗೆ ಮೊದಲು ನಾನು ಆ ಮನೆಯಲ್ಲಿ ಎತ್ತಿಯೂ ಇರಲಿಲ್ಲ. ಒಂದೇ ಗಳಿಗೆಯಲ್ಲಿ ನನಗೆ ಕನ್ನಡ ಕೇಳಿತು, ಅವರಿಗೆ ತೆಲುಗು ಕೇಳಿತು, ನಡುವೆ ಕೂತ ವಿಮಲಾಳಿಗೆ ಏನೂ ಕೇಳಲಿಲ್ಲ.

ಓಣಿಯಲ್ಲಿ ಯಾರೋ ತಮ್ಮ ಅಕ್ಕನನ್ನು ಕೂಗಿರಬೇಕು, ಬಸುರಿ ತಂಗಿಯ ಚಿಂತೆಯಲ್ಲಿದ್ದ ನನ್ನ ಮನಸ್ಸು ಅದನ್ನು ಕನ್ನಡ ಮಾಡಿಕೊಂಡಿರಬೇಕು ಎಂದು ಎಷ್ಟೋ ಸಲ ನನಗೆ ನಾನೇ ಒಪ್ಪಿಸಲು ನೋಡಿದ್ದೇನೆ. ಆದರೆ ಓಣಿ ಖಾಲಿಯಿತ್ತು. ಕರೆದದ್ದು ನನ್ನನ್ನೇ ಎಂದು ಅಂಜಯ್ಯನವರಿಗೆ ಹೇಗೆ ಗೊತ್ತಾಯಿತೋ, ಅವರಿಗೇ ತಿಳಿಯದು.

ಬಾಗಿಲು ಒಡೆದ ಬಾಜು ಮನೆಯವರಿಗೆ, ವಿಮಲಾಳಿಗೆ, ಅಂಜಯ್ಯನವರಿಗೆ ನಾನು ಮನೆಗೇ ಹೋಗಿ ಕೈ ಮುಗಿದು ಬಂದಿದ್ದೇನೆ. ಇನ್ನೊಬ್ಬರು ಉಳಿದಿದ್ದಾರೆ. ಅವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ.